ಮೆಕ್ಕೆಜೋಳಕ್ಕೆ ಕಳೆನಾಶಕ ಅಟ್ರಾಜಿನ್ ಮೊದಲಿನಂಗ ಹತ್ತವಲ್ದು: ಡೋಸ್ ಏರಿಸಬೇಕಾ, ಎಣ್ಣಿ (ಔಷಧ) ಬದಲಿಸಬೇಕಾ?

ಎರಿಹೊಲ_ಆಳಂದ

ಎಲ್ಲಾರಿಗೂ ಶರಣ್ರಿ.

ಹೊಲದ ವಿವರ ಮೊದಲ ಹೇಳ್ತೀನಿ. ಆಳಂದ ತಾಲೂಕು, 6 ಎಕರೆ ಕರಿ ಎರಿ ಭೂಮಿ, ಬರೀ ಮಳಿ ಮ್ಯಾಲ. ಮಣ್ಣು ಪರೀಕ್ಷೆ ಚೀಟಿಯಾಗ ಪಿಎಚ್ 8.3 ಅದ. 4 ಎಕರೆ ಬರೀ ಮೆಕ್ಕೆಜೋಳ, ಸಾಲಿಂದ ಸಾಲಿಗೆ 60 ಸೆಂ.ಮೀ. ಉಳಿದ 2 ಎಕರೆದಾಗ ಮೆಕ್ಕೆಜೋಳದ ನಡುವ ತೊಗರಿ ಸಾಲು.

ಆ 4 ಎಕರೆಗೆ ಒಂಬತ್ತು ಮುಂಗಾರು ಸತತ ಅಟ್ರಾಜಿನ್ 50 ಡಬ್ಲ್ಯುಪಿ (ನೂರಕ್ಕ 50 ಮೂಲವಸ್ತು ಇರೋ, ನೀರಿನಾಗ ಕಲಸೋ ಪುಡಿ), ಬಿತ್ತಿದ ಮರುದಿನ. ಮೊದಲು ಎಕರೆಗೆ 400 ಗ್ರಾಂ ಹಾಕಿದ್ರ 40 ದಿನ ಹೊಲ ಸ್ವಚ್ಛ ಇರ್ತಿತ್ತು. ಈಗ 600 ಗ್ರಾಂ ಹಾಕಿದ್ರೂ 20–25 ದಿನಕ್ಕ ಕಸ ಎದ್ದು ಕಾಣ್ತದ. 16 ಲೀಟರಿನ ಬ್ಯಾಟರಿ ಪಂಪು, ಎಕರೆಗೆ 8 ಪಂಪು ನೀರು. ಹೋದ ಹಿಂಗಾರಿಗೆ ಅದೇ ಹೊಲದಾಗ ಕಡಲಿ ಹಾಕಿದಾಗ ಅಲ್ಲಲ್ಲಿ ಹಳದಿ ಆಗಿ ಕುಂತಿತ್ತು. ಈ ವರ್ಷದ ಮೆಕ್ಕೆಜೋಳ ಮುಂದಿನ ತಿಂಗಳು ಮುರಿಯೋದದ, ಅದರ ಹಿಂದ ಮತ್ತೆ ಕಡಲಿ ಹಾಕೋ ವಿಚಾರ.

ಕೇಳೋದು ಮೂರು. ಅಟ್ರಾಜಿನ್ 800 ಗ್ರಾಂಗೆ ಏರಿಸಿದ್ರ ಉಪಯೋಗ ಅದನಾ? ಅಂಗಡಿಯವರು ಟೆಂಬೊಟ್ರಿಯೋನ್ ಅನ್ನೋ ಬೇರೆ ಕಳೆನಾಶಕ ಒಯ್ಯಿರಿ ಅಂತಾರ, ಒಯ್ಯಬೇಕಾ? ಇನ್ನೊಂದು, ಹೊಸ ಎಣ್ಣಿ ಎಲ್ಲಾ ಗ್ರಾಂ ಲೆಕ್ಕದಾಗ ಬರ್ತಾವ, ಹಿಂಗಾಗಿ ಅಮೆರಿಕಾದಾಗ ಮೆಕ್ಕೆಜೋಳಕ್ಕ ಕಳೆನಾಶಕ ಕಡಿಮೆ ಆಗ್ಯದ ಅಂತ ಕೇಳೀನಿ. ಖರೇನಾ?

ಭಾಲ್ಕಿ_ಬೀಜಗೂಡು

ಮೂರನೇ ಪ್ರಶ್ನೆ ಮೊದಲು ತಗೋತೀನಿ, ನಿಮ್ಮ 4 ಎಕರೆಯಲ್ಲಿ ನಡೆದದ್ದೂ ಅದೇ ಕಥೆ.

"ಕಡಿಮೆ ಆಗಿದೆ" ಅನ್ನೋದು ತಕ್ಕಡಿಯಲ್ಲಿ ಅರ್ಧ ಖರೆ, ಹೊಲದಲ್ಲಿ ಸುಳ್ಳು. 1952ರ ಸುಮಾರಿಗೆ ಅಮೆರಿಕದ ಮೆಕ್ಕೆಜೋಳದ ಹೊಲಗಳಲ್ಲಿ ಕಳೆನಾಶಕ ಬೀಳುತ್ತಿದ್ದದ್ದು ನೂರಕ್ಕೆ ಹತ್ತರಷ್ಟಕ್ಕೆ. ಅದೂ ಬಹುತೇಕ 2,4-ಡಿ. ಅದು ಅಗಲ ಎಲೆಯ ಕಸವನ್ನಷ್ಟೇ ಕೊಲ್ಲುತ್ತದೆ, ಹುಲ್ಲಿಗೆ ಕುಂಟೆಯೇ ಗತಿ. 1958ರಲ್ಲಿ ಅಟ್ರಾಜಿನ್ ಬಂತು. ಮೆಕ್ಕೆಜೋಳ ಅದನ್ನು ತನ್ನೊಳಗೇ ಒಡೆದು ಜೀರ್ಣಿಸಿಕೊಳ್ಳುತ್ತದೆ, ಕಸಕ್ಕೆ ಆ ತಾಕತ್ತಿಲ್ಲ. 1969ರಲ್ಲಿ ಅಲಾಕ್ಲೋರ್, 1976ರಲ್ಲಿ ಮೆಟೊಲಾಕ್ಲೋರ್ ಬಂದು ಹುಲ್ಲಿನ ಕೊರತೆ ತುಂಬಿದವು. 1980ರ ಹೊತ್ತಿಗೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೊಲಕ್ಕೆ ಕಳೆನಾಶಕ ಬೀಳುತ್ತಿತ್ತು. ಆಗ ಒಂದೊಂದು ಮೂಲವಸ್ತುವೇ ಹೆಕ್ಟೇರಿಗೆ ಕಿಲೊ ಎರಡು ಕಿಲೊ, ಎರಡು ಮೂರು ಬೆರೆಸಿ ಹೊಡೆಯುವ ಕಾಲ.

ಗ್ರಾಂ ಲೆಕ್ಕದವು ಶುರುವಾದದ್ದು ಆಮೇಲೆ. 1990ರ ಸುಮಾರಿಗೆ ಬಂದ ನಿಕೋಸಲ್ಫ್ಯೂರಾನ್ ಹೆಕ್ಟೇರಿಗೆ 35 ಗ್ರಾಂ ಸಾಕು. ಒಟ್ಟು ತೂಕ ಇಳಿಯಿತು. ಆದರೆ 2 ಕಿಲೊದ ಜಾಗಕ್ಕೆ 35 ಗ್ರಾಂ ಬಂದರೆ ಔಷಧ ತೀಕ್ಷ್ಣವಾಗಿದೆ ಎಂದರ್ಥ, ಹೊಲ ಕಳೆನಾಶಕ ಬಿಟ್ಟಿದೆ ಎಂದಲ್ಲ. 1998ರಲ್ಲಿ ಗ್ಲೈಫೋಸೇಟ್ ತಡೆಯುವ ಕುಲಾಂತರಿ ಮೆಕ್ಕೆಜೋಳ ಬಂತು. ಈಗ ಅಲ್ಲಿ ನೂರಕ್ಕೆ ತೊಂಬತ್ತರಷ್ಟು ಪ್ರದೇಶ ಕಳೆನಾಶಕ ತಡೆಯುವ ತಳಿಗಳದ್ದೇ. ಒಂದೇ ಎಣ್ಣೆಯಲ್ಲಿ ಎಲ್ಲ ಕಸ ಸಾಯುತ್ತದೆ ಅಂದಮೇಲೆ ಬೇರೆಯದನ್ನು ಬಿಟ್ಟುಬಿಟ್ಟರು. ಅಲ್ಲೇ ಎಡವಿದ್ದು. 2005ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಗ್ಲೈಫೋಸೇಟ್‌ಗೆ ಬಗ್ಗದ ಪಾಮರ್ ಅಮರಾಂತ್ ಸಿಕ್ಕಿತು. ನಮ್ಮ ರಾಜಗಿರಿ, ಹರಿವೆಯ ಕುಲದ್ದೇ, ಆದರೆ ಆಳೆತ್ತರ ಬೆಳೆದು ಒಂದೊಂದು ಗಿಡ ಲಕ್ಷಗಟ್ಟಲೆ ಬೀಜ ಉದುರಿಸುವಂಥದ್ದು. ಆಮೇಲೆ ಹಳೆಯ ಎಣ್ಣೆಗಳೆಲ್ಲ ಒಂದೊಂದಾಗಿ ವಾಪಸ್ ಬಂದವು, ತೂಕವೂ ಮತ್ತೆ ಏರಿತು. ಇಷ್ಟೆಲ್ಲ ಆದಮೇಲೂ ಅಲ್ಲಿನ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳಕ್ಕೆ ಇವತ್ತಿಗೂ ಅಟ್ರಾಜಿನ್ ಬೀಳುತ್ತದೆ.

ನಿಮ್ಮ ಅಂಗಡಿಯವರು ಹೇಳುವ ಟೆಂಬೊಟ್ರಿಯೋನ್ ಎಲೆ ಬೆಳ್ಳಗೆ ಮಾಡಿ ಕೊಲ್ಲುವ ಗುಂಪಿನದ್ದು. ಈ ಗುಂಪಿನ ಮೆಸೊಟ್ರಿಯೋನ್ 2001ರಲ್ಲಿ, ಟೆಂಬೊಟ್ರಿಯೋನ್ 2007ರಲ್ಲಿ ಮಾರುಕಟ್ಟೆಗೆ ಬಂದವು. 2009ರಲ್ಲೇ ಇಲಿನಾಯ್ ರಾಜ್ಯದ ಒಂದು ಮೆಕ್ಕೆಜೋಳದ ಬೀಜೋತ್ಪಾದನೆ ಹೊಲದಲ್ಲಿ ಇದಕ್ಕೂ ಬಗ್ಗದ ಕಸ ಸಿಕ್ಕಿತು. ವರ್ಷ ಬಿಡದೆ ಅದೇ ಗುಂಪು ಹೊಡೆದ ಹೊಲ ಅದು.

ಯುರೋಪಿನ ದಾರಿ ಬೇರೆ. ಕುಡಿಯುವ ನೀರಿನಲ್ಲಿ ಯಾವುದೇ ಒಂದು ಬೆಳೆ ಔಷಧ (ಕೀಟನಾಶಕ, ಕಳೆನಾಶಕ) ಲೀಟರಿಗೆ 0.1 ಮೈಕ್ರೊಗ್ರಾಂ ಮೀರಬಾರದು ಎಂಬುದು ಅವರ ಮಿತಿ. ಅಂತರ್ಜಲದಲ್ಲಿ ಅಟ್ರಾಜಿನ್ ಅದನ್ನು ಮೀರಿದ್ದರಿಂದ ಜರ್ಮನಿ 1991ರಲ್ಲೇ ನಿಷೇಧಿಸಿತು, 2004ರಲ್ಲಿ ಇಡೀ ಒಕ್ಕೂಟ ಕೈಬಿಟ್ಟಿತು. ಜಾಗ ತುಂಬಿದ್ದು ಅದರ ತಮ್ಮನಂಥ ಟರ್ಬುಥೈಲಜಿನ್. ನಮ್ಮಲ್ಲಿ 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಿಷೇಧಕ್ಕೆ ಹೊರಡಿಸಿದ 27 ಔಷಧಗಳ ಕರಡಿನಲ್ಲಿ ಅಟ್ರಾಜಿನ್ ಇತ್ತು, 2,4-ಡಿ ಮತ್ತು ಪೆಂಡಿಮೆಥಾಲಿನ್ ಕೂಡ ಇದ್ದವು. 2023ರ ಅಂತಿಮ ಆದೇಶದಲ್ಲಿ ಈ ಮೂರೂ ಇರಲಿಲ್ಲ.

ಸೇಡಂ_ಸುಣ್ಣಕಲ್ಲು

ಮೇಲಿನವರು ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ "ಔಷಧ ಹತ್ತುತ್ತಿಲ್ಲ" ಎಂದ ಕೂಡಲೇ ನಿರೋಧಕ ಶಕ್ತಿ ಎಂಬ ತೀರ್ಮಾನಕ್ಕೆ ಹಾರಬಾರದು. ಅಟ್ರಾಜಿನ್ ಸೋಲುವುದಕ್ಕೆ ನಾಲ್ಕು ಬೇರೆ ಬೇರೆ ಕಾರಣ ಇರುತ್ತವೆ, ಬಿತ್ತಿದ 25ನೇ ದಿನ ಹೊಲದೊಳಗೆ ಅಡ್ಡ ನಡೆದು ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

ಕಸ ಉದ್ದುದ್ದ ಪಟ್ಟೆಯಾಗಿ ಉಳಿದು ಪಕ್ಕದ ಪಟ್ಟೆ ಸ್ವಚ್ಛ ಇದ್ದರೆ ತಪ್ಪು ಪಂಪಿನದ್ದು, ನಡಿಗೆಯದ್ದು.

ಎಲ್ಲ ಜಾತಿಯ ಕಸವೂ ಎಲ್ಲ ಕಡೆ ಸಮನಾಗಿ ಎದ್ದಿದ್ದರೆ ಮಳೆ ನೋಡಿ. ಅಟ್ರಾಜಿನ್ ನೀರಿನಲ್ಲಿ ಕರಗುವುದೇ ಕಡಿಮೆ, ಲೀಟರಿಗೆ ಸುಮಾರು 33 ಮಿಲಿಗ್ರಾಂ. ಹೊಡೆದ ವಾರ ಹತ್ತು ದಿನದೊಳಗೆ 12–25 ಮಿ.ಮೀ. ಮಳೆ ಬಿದ್ದರೆ ಮಾತ್ರ ಅದು ಮೇಲಿನ ಎರಡು ಮೂರು ಬೆರಳು ಮಣ್ಣಿಗೆ ಇಳಿದು ಮೊಳಕೆಯ ಬೇರಿಗೆ ಸಿಗುತ್ತದೆ. ಒಣ ಎರೆ ಮಣ್ಣಿನ ಮೇಲೆ ಬಿದ್ದು ಹಾಗೇ ಕುಳಿತರೆ ಕೆಳಗಿನಿಂದ ಕಸ ನಗುತ್ತಾ ಬರುತ್ತದೆ.

ಮಳೆ ಸರಿಯಾಗಿ ಬಿದ್ದು, ಮೊದಲ ಮೂರು ವಾರ ಸ್ವಚ್ಛ ಇದ್ದು, ಆಮೇಲೆ ಹರಿವೆಯಂಥ ಸುಲಭದ ಕಸವೂ ಹೊಸದಾಗಿ ಮೊಳೆತರೆ ಔಷಧ ಮಣ್ಣಿನಲ್ಲಿ ಬೇಗ ಒಡೆದು ಕರಗಿಹೋಗಿದೆ. ವರ್ಷ ವರ್ಷ ಅಟ್ರಾಜಿನ್ ಬಿದ್ದ ಮಣ್ಣಿನಲ್ಲಿ ಅದನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಸೂಡೊಮೊನಾಸ್ ಜಾತಿಯವು ಅದರಲ್ಲಿನ ಸಾರಜನಕವನ್ನೇ ಊಟ ಮಾಡಿಕೊಳ್ಳುತ್ತವೆ. ಹೊಸ ಹೊಲದಲ್ಲಿ ಅಟ್ರಾಜಿನ್ ಅರ್ಧ ಕರಗಲು ಸುಮಾರು 60 ದಿನ ಹಿಡಿದರೆ ಇಂಥ ಹೊಲದಲ್ಲಿ ಕೆಲವೇ ದಿನ ಸಾಕು. ಅಮೆರಿಕದ ಮೆಕ್ಕೆಜೋಳದ ಹೊಲಗಳಲ್ಲಿ ಇದು ದಾಖಲಾಗಿದೆ.

ನಾಲ್ಕನೆಯದು ನಿಜವಾದ ನಿರೋಧಕ ಶಕ್ತಿ. ಒಂದೇ ಜಾತಿಯ ಗಿಡಗಳಲ್ಲಿ ಒಂದು ಸತ್ತು ಬಿದ್ದಿದೆ, ಪಕ್ಕದ್ದು ಏನೂ ಆಗದಂತೆ ನಿಂತಿದೆ ಅಂದರೆ ಅನುಮಾನ ಪಡಿ. ಉಳಿದ ಗಿಡದ ಬೀಜ, ಎಂದೂ ಔಷಧ ಕಾಣದ ದಾರಿ ಬದಿಯ ಅದೇ ಗಿಡದ ಬೀಜ, ಎರಡನ್ನೂ ಟ್ರೇಯಲ್ಲಿ ಹಾಕಿ ಒಂದು ಪಟ್ಟು ಮತ್ತು ಎರಡು ಪಟ್ಟು ಡೋಸ್ ಹೊಡೆದು ನೋಡಿದರೆ ಗುಟ್ಟು ಹೊರಬೀಳುತ್ತದೆ.

ಈಗ ನಿಮ್ಮ ಮಾತಿನಲ್ಲೇ ಒಂದು ತೊಡಕು ಇದೆ. ಔಷಧ 20 ದಿನಕ್ಕೇ ಕರಗಿಹೋಗಿದ್ದರೆ ಅದು ಅಕ್ಟೋಬರ್‌ನಲ್ಲಿ ಕಡಲೆಯನ್ನು ಹಳದಿ ಮಾಡಲು ಸಾಧ್ಯವಿಲ್ಲ. ಕಡಲೆಯನ್ನು ಹಳದಿ ಮಾಡಿದ್ದು ಅಟ್ರಾಜಿನ್ನೇ ಆಗಿದ್ದರೆ ಅದು ಮುಂಗಾರು ಪೂರ್ತಿ ಮಣ್ಣಿನಲ್ಲೇ ಇತ್ತು, ಕಸ ಉಳಿದದ್ದು ಬೇರೆ ಕಾರಣಕ್ಕೆ. ಎರಡರಲ್ಲಿ ಒಂದೇ ನಿಲ್ಲುತ್ತದೆ. ಹಾಗಾಗಿ ಎರಡು ಪ್ರಶ್ನೆ: ಕಡಲೆಯ ಹಳದಿ ಚಿಗುರೆಲೆಯಲ್ಲಿತ್ತೋ ಕೆಳಗಿನ ಹಳೆ ಎಲೆಯಲ್ಲಿತ್ತೋ? 25ನೇ ದಿನ ಉಳಿಯುವ ಕಸ ಯಾವ್ಯಾವುದು?

ಪಿಎಚ್ 8.3ರ ಸುಣ್ಣದ ಮಣ್ಣಿನಲ್ಲಿ ಕಬ್ಬಿಣದ ಕೊರತೆಯಿಂದಲೂ ಕಡಲೆ ಹಳದಿಯಾಗುತ್ತದೆ. ಅದು ಚಿಗುರಿನಲ್ಲಿ ಶುರುವಾಗುತ್ತದೆ, ನರ ಹಸಿರಾಗಿದ್ದು ನಡುವಿನ ಭಾಗ ಹಳದಿ. ಅಟ್ರಾಜಿನ್ ಆದರೆ ಕೆಳಗಿನ ಎಲೆಯ ತುದಿ ಮತ್ತು ಅಂಚಿನಿಂದ ಹಳದಿಯಾಗಿ ಸುಟ್ಟಂತೆ ಕಂದಾಗುತ್ತದೆ.

ಜೇವರ್ಗಿ_ಕೂರಿಗಿ

ಎಕರೆಗೆ 8 ಪಂಪು ಅಂದ್ರ 128 ಲೀಟರ್ ಆಯ್ತು. ಮಣ್ಣಿನ ಮ್ಯಾಲ ಹೊಡಿಯೋ ಎಣ್ಣಿಗೆ ಅದು ಸಾಲಂಗಿಲ್ಲ. 200 ಲೀಟರ್ ಹಿಡೀರಿ.

ನಾಝಲ್ ಯಾವುದು ಹಾಕೀರಿ? ಕೀಟನಾಶಕ ಹೊಡಿಯೋ ದುಂಡನೆ ಮಂಜಿನ ಕೋನ್ ನಾಝಲ್ ಇದ್ರ ತೆಗದು ಬಿಡ್ರಿ. ಚಪ್ಪಟೆ ಬೀಸಣಿಗಿ ಥರ ಬೀಳೋ ಫ್ಲಾಟ್ ಫ್ಯಾನ್ ಬೇಕು. ನೆಲದಿಂದ 50 ಸೆಂ.ಮೀ. ಎತ್ತರ, ಕೈ ಅತ್ತಿತ್ತ ಬೀಸಬ್ಯಾಡ್ರಿ. ಹೊಡದ ಮಣ್ಣು ತುಳಿಯಬಾರದು, ಹಿಂದಕ್ಕ ನಡ್ಕೋತ ಹೋಗಬೇಕು.

ಅಳತಿ ಹಿಂಗ ಮಾಡ್ರಿ. 25 ಮೀಟರ್ ಉದ್ದ 4 ಮೀಟರ್ ಅಗಲ ಹಗ್ಗ ಕಟ್ಟಿ, ಪಂಪಿನಾಗ ಅಳದು ಬರೀ ನೀರು ಹಾಕಿ, ದಿನಾ ನಡಿಯೋ ಹಂಗೇ ನಡದು ಹೊಡೀರಿ. ಎಷ್ಟು ಲೀಟರ್ ಹೋಯ್ತೋ ಅದಕ್ಕ 40ರಿಂದ ಗುಣಿಸಿದ್ರ ಎಕರೆ ಲೆಕ್ಕ. 5 ಲೀಟರ್ ಹೋದ್ರ 200 ಲೀಟರ್, ಅಂದ್ರ ಹನ್ನೆರಡೂವರೆ ಪಂಪು. ಎಕರೆಗೆ 400 ಗ್ರಾಂ ಆದ್ರ ಪಂಪಿಗೆ 32 ಗ್ರಾಂ. ಚಹಾ ಕಪ್ಪಿನ ಅಂದಾಜು ನಡಿಯಂಗಿಲ್ಲ, ಬಂಗಾರದಂಗಡಿ ತಕ್ಕಡಿ ಬ್ಯಾಡ, ಅಡಗಿ ಮನಿ ಡಿಜಿಟಲ್ ತಕ್ಕಡಿ ಸಾಕು, ಆಮ್ಯಾಲ ಅದನ್ನ ಅಡಗಿಗೆ ವಾಪಸ್ ಒಯ್ಯಬ್ಯಾಡ್ರಿ.

ಇನ್ನ ಅಟ್ರಾಜಿನ್ ಪುಡಿ ಕರಗಂಗಿಲ್ಲ, ನೀರಿನಾಗ ತೇಲ್ತದ ಅಷ್ಟೇ. ಮೊದಲು ಒಂದು ಮಗ್ಗಿನಾಗ ಗೊಜ್ಜಿನಂಗ ಕಲಿಸಿ ಆಮ್ಯಾಲ ಪಂಪಿಗೆ ಹಾಕಬೇಕು. ಎಲಿ ಅಡಕಿ ಹಾಕಿಕೊಳ್ಳಾಕ ಹತ್ತು ನಿಮಿಷ ಪಂಪು ಇಳಿಸಿ ಕುಂತ್ರ ಪುಡಿ ತಳಕ್ಕ ಕುಂದರ್ತದ, ಮತ್ತ ಹೊತ್ತಾಗ ಮೊದಲಿನ ನಾಕು ಸಾಲಿಗೆ ದಪ್ಪ ಬಿದ್ದು ಕಡಿಗೆ ಬರೀ ನೀರು.

ಎರಿಹೊಲ_ಆಳಂದ

ಎಲ್ಲಾರಿಗೂ ಉಪಕಾರ ಆಯ್ತ್ರಿ. ಕೇಳಿದ್ದಕ್ಕ ಉತ್ತರ:

ಕಡಲಿ ಹಳದಿ ಆಗಿದ್ದು ಕೆಳಗಿನ ಎಲಿ, ಅಂಚಿನಿಂದ. ಮೊಳಕಿ ಎಲ್ಲಾ ಚಂದ ಬಂದಿತ್ತು, 12–15 ದಿನದ ಮ್ಯಾಲ ಶುರು ಆಗಿದ್ದು. ಅದೂ ಹೊಲ ಪೂರ್ತಿ ಅಲ್ಲ, ಎರಡೂ ಬದುವಿನ ಕಡೆ ಪಂಪು ಹೊತ್ತು ತಿರುಗೋ ಜಾಗದಾಗ ಬಾಳ, ನಡುವ ಪಟ್ಟಿ ಪಟ್ಟಿ.

25 ದಿನಕ್ಕ ಉಳಿಯೋ ಕಸ: ಜೇಕು, ಕರಿಕಿ, ಮತ್ತ ನೀಲಿ ಹೂವಿನ ನೆಲ ಹಿಡಿಯೋ ಕಸ, ಗೆಣ್ಣಿಗೆ ಬೇರು ಬಿಡ್ತದಲ್ಲ ಅದು. ಹರಿವಿ, ಕಾಂಗ್ರೆಸ್ ಕಸ ಇವತ್ತಿಗೂ ಚಂದ ಸಾಯ್ತಾವ. ನಾಝಲ್ ಕೋನ್‌ದೇ ಅದ, ಜೇವರ್ಗಿ ಅಣ್ಣಾರು ಸರಿಯಾಗಿ ಹಿಡದ್ರು.

ಸೇಡಂ_ಸುಣ್ಣಕಲ್ಲು

ಹಾಗಾದರೆ ಗಂಟು ಬಿಚ್ಚಿತು. ಬದುವಿನ ಹತ್ತಿರ ಪಂಪು ತಿರುಗಿಸುವ ಜಾಗಕ್ಕೆ ಎರಡು ಸಲ ಬಿದ್ದಿದೆ, ಕಡಲೆ ಅಲ್ಲೇ ಹೆಚ್ಚು ಸುಟ್ಟಿದೆ. ಹಳದಿ ಅಟ್ರಾಜಿನ್ನದ್ದೇ. ಮೊಳಕೆ ಚೆನ್ನಾಗಿ ಬಂದು ಎರಡು ವಾರದ ಮೇಲೆ ಕೆಟ್ಟದ್ದೂ ಅದಕ್ಕೇ. ಈ ಔಷಧ ಮೊಳಕೆಯನ್ನು ತಡೆಯುವುದಿಲ್ಲ, ಎಲೆ ಬಿಸಿಲಿನಲ್ಲಿ ಆಹಾರ ಮಾಡುವ ಕೆಲಸವನ್ನು ನಿಲ್ಲಿಸುತ್ತದೆ. ಕಡಲೆ ಕಾಳಿನ ಬುತ್ತಿ ಮುಗಿಯುವ ತನಕ ಸಸಿ ಹಸಿರಾಗೇ ಇರುತ್ತದೆ.

ಅಂದರೆ ನಿಮ್ಮ ಮಣ್ಣಿನಲ್ಲಿ ಔಷಧ ಬೇಗ ಕರಗುತ್ತಿಲ್ಲ, ಉಲ್ಟಾ ತಡವಾಗಿ ಕರಗುತ್ತಿದೆ. ಹುಳಿ ಮಣ್ಣಿನಲ್ಲಿ ಅಟ್ರಾಜಿನ್ ನೀರಿನ ಜತೆ ತಾನೇ ಒಡೆಯುತ್ತದೆ, ಪಿಎಚ್ 7.5 ದಾಟಿದರೆ ಆ ದಾರಿ ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ. ಉಳಿದದ್ದು ಸೂಕ್ಷ್ಮಜೀವಿಗಳ ಕೆಲಸ, ಮಣ್ಣು ಒಣಗಿದಾಗ ಅವೂ ಮಲಗುತ್ತವೆ. 60 ದಿನಕ್ಕೆ ಅರ್ಧ ಎಂದೇ ಹಿಡಿದರೂ 600 ಗ್ರಾಂ ಪುಡಿಯಲ್ಲಿ 105 ದಿನದ ಮೇಲೆ ಸುಮಾರು 180 ಗ್ರಾಂ ಪುಡಿಯಷ್ಟು ಉಳಿದಿರುತ್ತದೆ. ತಿರುಗುವ ಜಾಗದಲ್ಲಿ ಅದರ ಎರಡು ಪಟ್ಟು. ಮಳೆ ಕೈಕೊಟ್ಟ ವರ್ಷ ಇನ್ನೂ ಹೆಚ್ಚು.

ಹರಿವೆ ಮತ್ತು ಕಾಂಗ್ರೆಸ್ ಕಸ ಇವತ್ತಿಗೂ ಸಾಯುತ್ತಿವೆ ಎಂದರೆ ನಿರೋಧಕ ಶಕ್ತಿಯ ಮಾತೂ ಇಲ್ಲ. ಅಟ್ರಾಜಿನ್ ತಾನು ಕೊಲ್ಲಬಲ್ಲದ್ದನ್ನು ಕೊಲ್ಲುತ್ತಲೇ ಇದೆ. ಒಂಬತ್ತು ವರ್ಷ ಅವು ಖಾಲಿ ಮಾಡಿದ ಜಾಗಕ್ಕೆ ಅದರ ಕೈಗೆ ಎಂದೂ ಸಿಗದ ಕಸ ಬಂದು ಕೂತಿದೆ. ಜೇಕು ಗಡ್ಡೆಯಿಂದ, ಕರಿಕೆ ಬೇರುಕಾಂಡದಿಂದ ಮೇಲೇಳುತ್ತವೆ. ಮೇಲಿನ ಎರಡು ಬೆರಳು ಮಣ್ಣಿನಲ್ಲಿ ಇರುವ ಔಷಧ ಅವಕ್ಕೆ ಲೆಕ್ಕಕ್ಕಿಲ್ಲ. ನೀವು ಹೇಳಿದ ನೀಲಿ ಹೂವಿನದ್ದು ಕಮೆಲಿನಾ ಬೆಂಗಾಲೆನ್ಸಿಸ್. ಬುಡ ಸಮೇತ ಕಿತ್ತು ನೋಡಿ, ಮಣ್ಣಿನೊಳಗಿನ ಬಿಳಿ ಬಳ್ಳಿಯಲ್ಲಿ ಪುಟ್ಟ ಮುಚ್ಚಿದ ಹೂ ಇರುತ್ತದೆ. ಅದು ಅಲ್ಲೇ, ಬೆಳಕು ಕಾಣದೆ, ಬೀಜ ಕಟ್ಟುತ್ತದೆ. ಆ ಬೀಜ ದಪ್ಪ, ಆಳದಿಂದಲೂ ಮೊಳೆಯುತ್ತದೆ, ಕಂತು ಕಂತಾಗಿ ಮೊಳೆಯುತ್ತದೆ. ಗ್ಲೈಫೋಸೇಟನ್ನೇ ನಂಬಿದ ಜಾರ್ಜಿಯಾದ ಹತ್ತಿ ಹೊಲಗಳಲ್ಲೂ ಇದೇ ಗಿಡ ದೊಡ್ಡ ತಲೆನೋವಾಯಿತು.

ಆದ್ದರಿಂದ 800 ಗ್ರಾಂ ಬೇಡ. ಏರಿಸಿದ ಗ್ರಾಂ ಒಂದೂ ಜೇಕಿಗೆ ತಾಗುವುದಿಲ್ಲ, ಎಲ್ಲ ಕಡಲೆಯ ಲೆಕ್ಕಕ್ಕೆ ಹೋಗುತ್ತದೆ.

ಬಸವಕಲ್ಯಾಣ_ಹಿಂಗಾರು

ಈ ಹಿಂಗಾರಿಗೆ ಕಡಲೆಯೋ ಬೇರೆಯೋ ಅನ್ನೋದಕ್ಕೆ ಕುಂಡದ ಪರೀಕ್ಷೆ ಮಾಡ್ರಿ, ಮೂರು ವಾರ ಬೇಕು, ಇವತ್ತೇ ಶುರು ಮಾಡಿದರೆ ರಾಶಿ ಹೊತ್ತಿಗೆ ಫಲಿತಾಂಶ ಕೈಯಲ್ಲಿ ಇರುತ್ತದೆ. ಮೇಲಿನ 10 ಸೆಂ.ಮೀ. ಮಣ್ಣು ಆರೇಳು ಕಡೆಯಿಂದ ತೆಗೆದು ಬೆರೆಸಿ ಮೂರು ಕುಂಡಕ್ಕೆ. ತಿರುಗುವ ಜಾಗದ್ದು ಬೇರೆ ಮೂರು ಕುಂಡ. ಔಷಧ ಬೀಳದ ನಿಮ್ಮ ತೊಗರಿ ಹೊಲದ ಮಣ್ಣು ಹೋಲಿಕೆಗೆ ಮೂರು ಕುಂಡ. ಕುಂಡಕ್ಕೆ 8–10 ಕಡಲೆ ಹಾಕಿ ಪೂರ್ತಿ ಬಿಸಿಲಿಗೆ ಇಡಿ. ನೆರಳಿಗೆ ಇಟ್ಟರೆ ಅಟ್ರಾಜಿನ್ ಲಕ್ಷಣ ಮರೆಯಾಗಿ ಪರೀಕ್ಷೆ ಸುಳ್ಳು ಹೇಳುತ್ತದೆ. ಮೊಳಕೆ ಎಣಿಸಿ ಖುಷಿಪಡಬೇಡಿ, 20ನೇ ದಿನದ ಕೆಳಗಿನ ಎಲೆ ನೋಡಿ.

ಕೆಟ್ಟರೆ ಬಿಳಿಜೋಳ ಹಾಕಿ. ಜೋಳವೂ ಮೆಕ್ಕೆಜೋಳದ ಹಾಗೇ ಅಟ್ರಾಜಿನ್ ತಡೆಯುತ್ತದೆ. ಕುಸುಬೆ, ಕಡಲೆ, ಗೋಧಿ ಮೂರೂ ತಡೆಯುವುದಿಲ್ಲ. ಈ ಸೀಮೆಯಲ್ಲಿ ಹಿಂಗಾರಿ ಜೋಳಕ್ಕೆ ರೊಟ್ಟಿಯೂ ಇದೆ, ಕಣಕಿಯೂ ಇದೆ, ನಷ್ಟವೇನಿಲ್ಲ.

ಭಾಲ್ಕಿ_ಬೀಜಗೂಡು

ಟೆಂಬೊಟ್ರಿಯೋನ್ ವಿಷಯ. 42 ಎಸ್‌ಸಿ (ದ್ರವ ರೂಪದ್ದು), ಎಕರೆಗೆ 115 ಮಿ.ಲೀ., ಜತೆಗೆ ಬರುವ ಸರ್ಫ್ಯಾಕ್ಟಂಟ್ (ಎಲೆಗೆ ಔಷಧ ಅಂಟಿಸುವ ದ್ರವ) 400 ಮಿ.ಲೀ. ಈ ಎರಡನೇ ಬಾಟ್ಲಿ ಬಿಟ್ಟು ಹೊಡೆದವರೇ "ಕೆಲಸ ಮಾಡಲಿಲ್ಲ" ಅನ್ನೋರಲ್ಲಿ ಹೆಚ್ಚು. ಅದೇ ಗುಂಪಿನ ಟೊಪ್ರಾಮೆಝೋನ್ ಆದರೆ 33.6 ಎಸ್‌ಸಿ, ಎಕರೆಗೆ 30–40 ಮಿ.ಲೀ., ಅದಕ್ಕೂ ಅಂಟಿನೆಣ್ಣೆ ಬೇಕು. ಬಿತ್ತಿದ 15–20 ದಿನಕ್ಕೆ, ಕಸ 2–4 ಎಲೆ ಇರುವಾಗ. ಕಸ ಗೇಣು ದಾಟಿದರೆ ಬೆಳ್ಳಗಾಗಿ ಮತ್ತೆ ಹಸಿರಾಗುತ್ತದೆ. ನಾಲ್ಕೈದು ದಿನಕ್ಕೆ ಚಿಗುರು ಹಾಲಿನಂತೆ ಬೆಳ್ಳಗಾಗಬೇಕು, ಸಾಯಲು ಹತ್ತು ಹದಿನೈದು ದಿನ ಹಿಡಿಯುತ್ತದೆ. ಮೂರನೇ ದಿನವೇ ಅಂಗಡಿಗೆ ಜಗಳಕ್ಕೆ ಹೋಗಬೇಡಿ.

ನಿಮ್ಮ ಕಸಕ್ಕೆ ಲೆಕ್ಕ ಹಾಕಿದರೆ: ಕಮೆಲಿನಾ ಎಳೆಯದಿದ್ದಾಗ ಹಿಡಿತಕ್ಕೆ ಬರುತ್ತದೆ. ಜೇಕಿನ ಎಲೆ ಬೆಳ್ಳಗಾಗುತ್ತದೆ, ಗಡ್ಡೆ ಸಾಯುವುದಿಲ್ಲ. ಜೇಕಿಗೆ ಅಂತಲೇ ಇರುವುದು ಹ್ಯಾಲೋಸಲ್ಫ್ಯೂರಾನ್ 75 ಡಬ್ಲ್ಯುಜಿ, ಎಕರೆಗೆ 36 ಗ್ರಾಂ, ಜೇಕು 4–5 ಎಲೆ ಬಿಟ್ಟಾಗ. ಗುಂಪು ಗುಂಪಾಗಿ ಇದ್ದರೆ ಆ ಜಾಗಕ್ಕಷ್ಟೇ ಹೊಡೆಯಿರಿ, ಇಡೀ ಹೊಲಕ್ಕೆ ಬೇಕಿಲ್ಲ. ಕರಿಕೆಗೆ ಬೇಸಿಗೆಯಲ್ಲಿ ಆಳವಾಗಿ ನೇಗಿಲು ಹೊಡೆದು ಬೇರುಕಾಂಡವನ್ನು ಏಪ್ರಿಲ್ ಬಿಸಿಲಿಗೆ ಒಣಗಿಸುವುದಕ್ಕಿಂತ ಒಳ್ಳೆಯ ಮದ್ದಿಲ್ಲ. ನಮ್ಮ ಬಿಸಿಲಿಂದ ಆಗುವ ಒಂದೇ ಉಪಕಾರ ಇದು.

ಅಂಗಡಿಗಳಲ್ಲಿ ಟೆಂಬೊಟ್ರಿಯೋನ್ ಜತೆ 200–400 ಗ್ರಾಂ ಅಟ್ರಾಜಿನ್ ಸೇರಿಸಿ ಅಂತಾರೆ. ಸೇರಿಸಿದರೆ ಹೊಡೆತ ಜೋರಾಗುವುದು ಖರೆ, ಎರಡೂ ಒಂದಕ್ಕೊಂದು ಬಲ ಕೊಡುತ್ತವೆ. ಆದರೆ ಅದು ಜುಲೈ ಕೊನೆಗೆ ಬೀಳುವ ಅಟ್ರಾಜಿನ್, ಕಡಲೆಗೆ ಇನ್ನೂ 20 ದಿನ ಹತ್ತಿರ. ಹಿಂದೆ ಕಡಲೆ ಹಾಕುವವರು ಸೇರಿಸಬಾರದು. ಮತ್ತೆ ಈ ಬಿಳಿ ಮಾಡುವ ಗುಂಪಿಗೂ ದ್ವಿದಳ ಬೆಳೆ ಸೂಕ್ಷ್ಮವೇ, ಚೀಟಿಯಲ್ಲಿ ಮುಂದಿನ ಬೆಳೆಯ ಸಾಲು ಓದಿಯೇ ಒಯ್ಯಿರಿ.

ಒಂದು ಎಚ್ಚರ. ಸೈನಿಕ ಹುಳಕ್ಕೆ ಹೊಡೆಯುವ ಕ್ಲೋರ್‌ಪೈರಿಫಾಸ್‌ನಂಥ ಎಣ್ಣೆಯನ್ನು ಇದರ ಜತೆ ಒಂದೇ ಪಂಪಿಗೆ ಹಾಕಬೇಡಿ. ಕಳೆನಾಶಕ ಜೀರ್ಣಿಸುವ ಮೆಕ್ಕೆಜೋಳದ ಕಿಣ್ವವನ್ನೇ ಅದು ಕಟ್ಟಿಹಾಕುತ್ತದೆ, ಸುಳಿ ಬೆಳ್ಳಗಾಗುತ್ತದೆ. ಕೆಲವು ಸಿಹಿ ಮೆಕ್ಕೆಜೋಳ ಮತ್ತು ಬೀಜೋತ್ಪಾದನೆಯ ತಂದೆ-ತಾಯಿ ಸಾಲುಗಳಿಗೆ ಹುಟ್ಟಿನಿಂದಲೇ ಆ ಕಿಣ್ವದ ಕೊರತೆ ಇರುತ್ತದೆ. ಅಂಥ ಹೊಲಕ್ಕೆ ಬೀಜ ಕೊಟ್ಟವರನ್ನು ಕೇಳದೆ ಹೊಡೆಯಬೇಡಿ.

ಶಹಾಪುರ_ಕಾಲುವೆ

ತೊಗರಿ ಇರೋ 2 ಎಕರೆ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿ ಅಟ್ರಾಜಿನ್, ಟೆಂಬೊಟ್ರಿಯೋನ್, ಟೊಪ್ರಾಮೆಝೋನ್, 2,4-ಡಿ ನಾಲ್ಕೂ ತೊಗರಿಯನ್ನು ಕೆಡಿಸುತ್ತವೆ. ತೊಗರಿ, ಸೋಯಾಕ್ಕೆ ಹೊಡೆಯುವ ಇಮಾಝೆಥಾಪೈರ್ ಮೆಕ್ಕೆಜೋಳವನ್ನು ಕೆಡಿಸುತ್ತದೆ. ಎರಡಕ್ಕೂ ಒಗ್ಗುವುದು ಬಿತ್ತಿದ ಎರಡು ದಿನದೊಳಗೆ ಪೆಂಡಿಮೆಥಾಲಿನ್ 30 ಇಸಿ, ಎಕರೆಗೆ 1 ಲೀಟರಿಂದ 1.3 ಲೀಟರ್, ಹಸಿ ಇರುವ ಮಣ್ಣಿಗೆ. ಮೆಕ್ಕೆಜೋಳದ ಬೀಜ 4–5 ಸೆಂ.ಮೀ. ಆಳ ಇರಬೇಕು ಮತ್ತು ಮೇಲೆ ಮಣ್ಣು ಮುಚ್ಚಿರಬೇಕು. ಮೇಲೆ ಬಿದ್ದ ಬೀಜದ ಬೇರು ಮೊಂಡಾಗಿ ಸಸಿ ಮುರುಟುತ್ತದೆ. ಆಮೇಲೆ 20ನೇ ದಿನ ಒಂದು, 35ನೇ ದಿನ ಒಂದು ಎಡೆ (ಸಾಲಿನ ನಡುವೆ ಕುಂಟೆ) ಹೊಡೆಯಬೇಕು. ಮೆಕ್ಕೆಜೋಳಕ್ಕೆ ಕಸದ ಪೈಪೋಟಿ ಜೋರಿರುವುದು 15ರಿಂದ 45ನೇ ದಿನದ ತನಕ, ಆಮೇಲೆ ಅದರ ನೆರಳೇ ಕಾಯುತ್ತದೆ.

4 ಎಕರೆಗೆ ಹೊಡೆಯುವ ದಿನ ಗಾಳಿ ತೊಗರಿ ಕಡೆಗೆ ಇದ್ದರೆ ಬಿಟ್ಟು ಮರುದಿನ ಹೊಡೆಯಿರಿ. 2,4-ಡಿ ಅಂತೂ ಅಕ್ಕಪಕ್ಕ ಹತ್ತಿ ಇದ್ದರೆ ತರಲೇಬೇಡಿ, ಹತ್ತಿ ಎಲೆ ಬೆಂಡೆ ಎಲೆಯಂತೆ ಸೀಳಿ ಸುರುಟಿಕೊಳ್ಳುತ್ತದೆ. ಪಂಪು ತೊಳೆದ ನೀರು ಬೋರ್‌ವೆಲ್, ಬಾವಿ ಹತ್ತಿರ ಚೆಲ್ಲಬೇಡಿ. ಕೆಲವರು ಸಾಲಿನ ನಡುವೆ ಪ್ಯಾರಾಕ್ವಾಟ್ ಹೊಡೆಯಿರಿ ಎಂದೂ ಹೇಳುತ್ತಾರೆ. ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ, ಮನೆಯಲ್ಲಿ ಇಡುವ ವಸ್ತುವಲ್ಲ. ಗ್ಲೈಫೋಸೇಟ್ ಮೆಕ್ಕೆಜೋಳಕ್ಕೆ ನಮ್ಮ ದೇಶದಲ್ಲಿ ಲೇಬಲ್ಲೇ ಇಲ್ಲ, ಅದನ್ನು ತಡೆಯುವ ಮೆಕ್ಕೆಜೋಳಕ್ಕೂ ಅನುಮತಿ ಇಲ್ಲ, 2022ರ ಅಕ್ಟೋಬರ್‌ನಲ್ಲಿ ಅದನ್ನು ಪರವಾನಗಿ ಇರುವ ಕೀಟ ನಿಯಂತ್ರಕರಷ್ಟೇ ಬಳಸಬಹುದು ಎಂದು ಕೇಂದ್ರ ಸರ್ಕಾರ ಆದೇಶ ಹೊರಡಿಸಿತು.

ಎರಿಹೊಲ_ಆಳಂದ

ಎಡಿ ಹೊಡಿಯೋದ ಒಂದೇ ತೊಂದ್ರಿ. ಜುಲೈದಾಗ ಮಳಿ ಹಿಡಿದ್ರ ಎರಿ ಹೊಲಕ್ಕ ಎಂಟ್ಹತ್ತು ದಿನ ಎತ್ತು ಇಳಿಯಂಗಿಲ್ಲ. ಎತ್ತು ಇಳಿಯೋ ಹೊತ್ತಿಗೆ ಸಾಲಿನೊಳಗಿನ ಕಸ ಮೆಕ್ಕೆಜೋಳದ ಜೋಡಿ ನಿಂತಿರ್ತದ. ಅಟ್ರಾಜಿನ್ ಪೂರ್ತಿ ಬಿಟ್ರ ಹೆಂಗ?

ಜೇವರ್ಗಿ_ಕೂರಿಗಿ

ಪೂರ್ತಿ ಬಿಡಬ್ಯಾಡ್ರಿ, ಸಾಲಿಗಷ್ಟೇ ಹೊಡೀರಿ. ಕೂರಿಗಿ ಗೆರಿ ಮ್ಯಾಲ 20 ಸೆಂ.ಮೀ. ಪಟ್ಟಿ. ಸಾಲು 60 ಸೆಂ.ಮೀ. ಇದ್ರ ಹೊಲದ ಮೂರರಾಗ ಒಂದು ಭಾಗಕ್ಕ ಮಾತ್ರ ಎಣ್ಣಿ ಬೀಳ್ತದ. ಎಕರೆ ಲೆಕ್ಕದ ಡೋಸ್ 400 ಗ್ರಾಂ ಇದ್ರ ಖರ್ಚಾಗೋದು 135 ಗ್ರಾಂ. ನೀರೂ ಮೂರರಾಗ ಒಂದು, ಸುಮಾರು 67 ಲೀಟರ್, ನಾಕು ಪಂಪಿನ ಮ್ಯಾಲ ಒಂದೀಟು. ಪಂಪಿನೊಳಗಿನ ಹದ ಮೊದಲಿಂದೇ, 16 ಲೀಟರಿಗೆ 32 ಗ್ರಾಂ. ಅದನ್ನ ತೆಳ್ಳಗ ಮಾಡಬ್ಯಾಡ್ರಿ, ಇಲ್ಲೇ ಮಂದಿ ತಪ್ಪೋದು. ನಾಝಲ್ ಕೆಳಗ ಇಳಿಸಿ ನೆಲದ ಮ್ಯಾಲ 20 ಸೆಂ.ಮೀ. ಅಗಲ ಬೀಳೋ ಹಂಗ ಹಿಡೀರಿ, ಒಣ ನೆಲದ ಮ್ಯಾಲ ನೀರು ಹೊಡದು ತೋಯ್ದ ಪಟ್ಟಿ ಅಳದು ನೋಡ್ರಿ. ನಡಿಗಿ ಅಳತಿನೂ ಹೊಸದಾಗಿ ಮಾಡಬೇಕು.

ಎತ್ತಿನ ಎಡಿಕುಂಟಿ ಮುಟ್ಟದ ಜಾಗ ಸಾಲಿನೊಳಗಿಂದು, ಅದನ್ನ ಎಣ್ಣಿ ಕಾಯ್ತದ. ನಡುವಿನ 40 ಸೆಂ.ಮೀ. ಎಂಟು ದಿನ ತಡ ಆದ್ರೂ ಎಡಿಕುಂಟಿಗೆ ಸಿಗ್ತದ, ಕಮೆಲಿನಾ ಕಿತ್ತದ್ದು ಹೊಲದಾಗ ಬಿಡಬ್ಯಾಡ್ರಿ, ಹಸಿ ಮಣ್ಣಿಗೆ ಬಿದ್ರ ಗೆಣ್ಣಿಗೊಂದು ಗಿಡ ಆಗ್ತದ, ಬದುವಿಗೆ ಒಯ್ದು ಹಾಕ್ರಿ.

ಭಾಲ್ಕಿ_ಬೀಜಗೂಡು

ಅಂದಹಾಗೆ ಅಮೆರಿಕದಲ್ಲೂ 1960ರ ದಶಕದಲ್ಲಿ ಎಷ್ಟೋ ಕಡೆ ಹೀಗೇ ಮಾಡುತ್ತಿದ್ದರು: ಬಿತ್ತುವ ಯಂತ್ರಕ್ಕೇ ನಾಝಲ್ ಕಟ್ಟಿ ಸಾಲಿಗೆ ಪಟ್ಟಿ, ನಡುವೆ ಕಲ್ಟಿವೇಟರ್. ಹೊಲ ದೊಡ್ಡದಾಗಿ ಔಷಧ ಅಗ್ಗವಾದ ಮೇಲೆ ಬಿಟ್ಟರು.

ಎರಿಹೊಲ_ಆಳಂದ

ಹಂಗಾದ್ರ ನಾಳೆ ಕುಂಡಕ್ಕ ಮಣ್ಣು ತುಂಬ್ತೀನಿ, ಫ್ಲಾಟ್ ಫ್ಯಾನ್ ನಾಝಲ್ ತರ್ತೀನಿ. ಬರೋ ವರ್ಷ 2 ಎಕರೆಗೆ ಪಟ್ಟಿ, 2 ಎಕರೆಗೆ ಟೆಂಬೊಟ್ರಿಯೋನ್. ಪಟ್ಟಿ ಹೊಡದ ಹೊಲದಾಗ ಕಡಲಿಗೆ ಏನೂ ಭಯ ಇಲ್ಲಲ್ರೀ?

ಬಸವಕಲ್ಯಾಣ_ಹಿಂಗಾರು

ಎಕರೆ ಸರಾಸರಿ ಮೂರರಲ್ಲಿ ಒಂದು ಆದರೂ ಪಟ್ಟಿಯೊಳಗಿನ ಮಣ್ಣಿಗೆ ಪೂರ್ತಿ ಡೋಸೇ ಬಿದ್ದಿರುತ್ತದೆ. ಮೆಕ್ಕೆಜೋಳ ಕೊಯ್ದ ಮೇಲೆ ಹೊಲವನ್ನು ಅಡ್ಡಡ್ಡ ಕುಂಟೆ ಹೊಡೆದು ಮಣ್ಣು ಬೆರೆಸಿ, ಕಡಲೆ ಸಾಲನ್ನೂ ಅಡ್ಡಲಾಗಿ ಹಿಡಿಯಿರಿ. ಬರುವ ವರ್ಷ ಕುಂಡಕ್ಕೆ ಮಣ್ಣು ತೆಗೆಯುವಾಗ ಸಾಲಿನ ನಡುವಿನಿಂದ ತೆಗೆಯಬೇಡಿ, ಮೆಕ್ಕೆಜೋಳದ ಕೂಳೆಯ ಬುಡದಿಂದ ತೆಗೆಯಿರಿ.